ಮುದ್ದೆ ಸೀಮೆಯಲ್ಲಿ ತರಕಾರಿ ನೂಡಲ್ಸ್

ಕನ್ನಂಬಾಡಿ ಕಟ್ಟೆಯ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರದ ಬಯಲಿನಲ್ಲಿ ಭತ್ತ, ಕಬ್ಬು. ಮಳೆ ನೋಡಿಕೊಂಡು ಬಿತ್ತುವ ನಾಗಮಂಗಲದಲ್ಲಿ, ಕೆ.ಆರ್. ಪೇಟೆಯ ಹಲವು ಊರುಗಳಲ್ಲಿ ರಾಗಿ, ಹುರುಳಿ. ಇಲ್ಲಿ ಊಟ ಅಂದರೆ ಮುದ್ದೆ, ಅದರ ಮೇಲೆ ಒಂದಿಷ್ಟು ಅನ್ನ. ಇಂಥ ಸೀಮೆಯಲ್ಲಿ ಅಕ್ಕಿ, ರಾಗಿ, ಗೋಧಿ ಯಾವುದೂ ಇಲ್ಲದ ಊಟವನ್ನು ಮೊಮ್ಮಗುವಿನ ತಟ್ಟೆಗೆ ಹಾಕಿದರೆ ಅಜ್ಜಿ ಸುಮ್ಮನಿರುತ್ತಾಳೆಯೇ? "ಇದ್ಯಾವ ಸೀಮೆ ಊಟವ್ವ, ಮಗೀಗೆ ಹೊಟ್ಟೆ ತುಂಬದೇ ಇದ್ರಲ್ಲಿ?" ಅನ್ನುವ ಮಾತು ಬಂದೇ ಬರುತ್ತದೆ. ಇತ್ತ ಮೊಬೈಲಿನಲ್ಲಿ ವಿಡಿಯೊ ನೋಡಿ ಸೋರೆಕಾಯಿ, ಸೀಮೆಬದನೆಯನ್ನು ಎಳೆ ಎಳೆಯಾಗಿ ಹೆರೆದು 'ನೂಡಲ್ಸ್' ಮಾಡುವ ಎಳೆಯ ತಾಯಂದಿರೂ ಹೆಚ್ಚುತ್ತಿದ್ದಾರೆ. ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. ಅಜ್ಜಿಯ ಕಡೆ ಸ್ವಲ್ಪ ಕಡಿಮೆ ಎಂದು ನನಗನ್ನಿಸುತ್ತದೆ.

ತಪ್ಪು ಕಲ್ಪನೆ: ಒಂದು ಬಟ್ಟಲು ತರಕಾರಿ ನೂಡಲ್ಸ್ ತಿಂದರೆ ಮಗುವಿನ ಒಂದು ಹೊತ್ತಿನ ಊಟ ಆಯಿತು.

ವಾಸ್ತವ: ಆಗಲಿಲ್ಲ. ಅಜ್ಜಿಯ ಅನುಮಾನಕ್ಕೆ ಲೆಕ್ಕದ ಬೆಂಬಲವಿದೆ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,350 ಕ್ಯಾಲೊರಿ ಬೇಕು. ನೂರು ಗ್ರಾಂ ಸೋರೆಕಾಯಿಯಲ್ಲಿ ಇರುವುದು ಹದಿನೈದರ ಆಸುಪಾಸು. ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130. ಅಂದರೆ ಬಟ್ಟಲು ತುಂಬ ಸೋರೆಕಾಯಿ ಎಳೆ ತಿಂದ ಮಗು ಹೊಟ್ಟೆ ತುಂಬಿತು ಅನ್ನುತ್ತದೆ, ಒಂದು ಗಂಟೆ ಕಳೆಯುವಷ್ಟರಲ್ಲಿ ಬಿಸ್ಕತ್ತಿನ ಡಬ್ಬಿ ಹುಡುಕುತ್ತದೆ. ಮಕ್ಕಳ ಹೊಟ್ಟೆ ಚಿಕ್ಕದು. ಅದನ್ನು ನೀರು, ನಾರಿನಿಂದಲೇ ತುಂಬಿಸಿಬಿಟ್ಟರೆ ಬೆಳೆಯಲು ಬೇಕಾದದ್ದಕ್ಕೆ ಜಾಗ ಉಳಿಯುವುದಿಲ್ಲ. ತೂಕ ಇಳಿಸಬೇಕೆಂದಿರುವ ದೊಡ್ಡವರಿಗೆ ಒಪ್ಪುವ ತಟ್ಟೆ ಬೆಳೆಯುವ ಮಗುವಿಗೆ ಒಪ್ಪುವುದಿಲ್ಲ.

ಹಾಗಾದರೆ ಮಾಡಲೇಬಾರದೇ? ಮಾಡಬಹುದು, ಎಳೆಗಳ ಮೇಲೆ ಏನು ಬೀಳುತ್ತದೆ ಎಂಬುದರಲ್ಲಿ ಊಟ ಇದೆ. ಇದಕ್ಕೆ ಚೀಸ್, ಬಾದಾಮಿ ಹುಡುಕಿಕೊಂಡು ಮೈಸೂರಿಗೆ ಹೋಗಬೇಕಿಲ್ಲ. ಒಂದು ಚಮಚ ಕಡ್ಲೆಕಾಯಿ ಎಣ್ಣೆಯಲ್ಲಿ ಒಗ್ಗರಣೆ, ಒಂದು ಹಿಡಿ ಕಾಯಿತುರಿ, ಹುರಿದ ಕಡ್ಲೆಬೀಜದ ಪುಡಿ ಅಥವಾ ಹುಚ್ಚೆಳ್ಳು ಚಟ್ನಿ, ಗಟ್ಟಿಯಾಗಿ ಬೇಯಿಸಿದ ಹೆಸರುಬೇಳೆ. ತಿನ್ನುವ ಮನೆಯಾದರೆ ಒಂದು ಮೊಟ್ಟೆ, ಅದರಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ. ಪಕ್ಕದಲ್ಲಿ ಬೇಯಿಸಿದ ಗೆಣಸು. ಗೆಣಸು ಧಾನ್ಯವಲ್ಲ, ಆದರೆ ನೂರು ಗ್ರಾಂಗೆ ಸುಮಾರು ನೂರು ಕ್ಯಾಲೊರಿ ಕೊಡುತ್ತದೆ. ಅನ್ನ ಇಲ್ಲದ ಕೊರತೆಯನ್ನು ತುಂಬುವುದು ಅದೇ. ಇಷ್ಟು ಸೇರಿದರೆ ಅಜ್ಜಿಯೂ ಒಪ್ಪುವ ಊಟ. ಸೇರಿಸದಿದ್ದರೆ ಅದು ಪಲ್ಯ. ಪಲ್ಯವೆಂದೇ ಕರೆದು ಮುದ್ದೆಯ ಜೊತೆಗೆ ಬಡಿಸಿದರೆ ಏನೂ ತಪ್ಪಿಲ್ಲ.

ತಪ್ಪು ಕಲ್ಪನೆ: ಧಾನ್ಯ ಬಿಡಿಸಿದರೆ ಮಗು ಇನ್ನಷ್ಟು ಆರೋಗ್ಯವಾಗಿರುತ್ತದೆ.

ವಾಸ್ತವ: ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಮುದ್ದೆಗೆ ಬರ ತಪ್ಪಿತು. ಅದೇ ಜಿಲ್ಲೆಯಲ್ಲಿ ಇವತ್ತು ರಾಗಿಯನ್ನು ಮಕ್ಕಳಿಂದ ದೂರ ಇಡುವ ಮಾತು ಕೇಳಿದರೆ ಕಸಿವಿಸಿಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ವಾರದಲ್ಲಿ ಒಂದೆರಡು ಹೊತ್ತು ತರಕಾರಿ ಎಳೆ ಉಂಡರೆ ಏನೂ ಆಗದು. ದಿನವೂ ರಾಗಿ ಬಿಟ್ಟರೆ ಆ ಸುಣ್ಣವನ್ನು ಹಾಲು, ಮೊಸರು, ಸೊಪ್ಪು, ಎಳ್ಳಿನಿಂದ ತುಂಬಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದು ಧಾನ್ಯದಿಂದ ಬರುವ ಶಕ್ತಿ ಶೇ. 45 ಮೀರದಿರಲಿ ಎಂದು. ಸೊನ್ನೆ ಮಾಡಿ ಎಂದಲ್ಲ. ನಮ್ಮ ಮನೆಗಳ ನಿಜವಾದ ತೊಂದರೆ ಇರುವುದೂ ಅಲ್ಲಿಯೇ: ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು, ಮೂಲೆಯಲ್ಲಿ ಚಿಟಿಕೆಯಷ್ಟು ಪಲ್ಯ. ತರಕಾರಿ ಎಳೆಗಳಿಂದ ಆಗುವ ಉಪಕಾರ ಆ ಮೂಲೆಯನ್ನು ದೊಡ್ಡದು ಮಾಡುವುದು.

ಕೆಲವು ಮಕ್ಕಳಿಗೆ ಗೋಧಿ ಬಿಡಿಸಲೇಬೇಕಾಗುತ್ತದೆ. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಅಂಥ ಮಗುವಿಗೂ ರಾಗಿ, ಅಕ್ಕಿ, ಜೋಳ ನಿಷಿದ್ಧವಲ್ಲ, ಗೋಧಿಹಿಟ್ಟಿನ ಬೆರಕೆ ಇಲ್ಲದಿದ್ದರೆ ಸಾಕು. ಅನುಮಾನ ಬಂದ ಕೂಡಲೇ ಮನೆಯಲ್ಲೇ ಗೋಧಿ ನಿಲ್ಲಿಸಿಬಿಡುವವರಿದ್ದಾರೆ. ಹಾಗೆ ನಿಲ್ಲಿಸಿ ಆಮೇಲೆ ರಕ್ತಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿದ್ದರಂತೂ ವೈದ್ಯರನ್ನು ಕೇಳದೆ ಅನ್ನ, ಮುದ್ದೆ ಬಿಡಿಸಬೇಡಿ. ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು.

ತಪ್ಪು ಕಲ್ಪನೆ: ಶಾವಿಗೆ, ಅವಲಕ್ಕಿ, ಉಪ್ಪಿಟ್ಟು ಫಲಾಹಾರವಲ್ಲವೇ, ಅವು ಧಾನ್ಯದ ಲೆಕ್ಕಕ್ಕೆ ಬರುವುದಿಲ್ಲ.

ವಾಸ್ತವ: ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು ಮಾಡಿಕೊಳ್ಳುವ ರೂಢಿ ಎಷ್ಟೋ ಮನೆಗಳಲ್ಲಿದೆ. ವ್ರತದ ಲೆಕ್ಕ ಏನೇ ಇರಲಿ, ಅವಲಕ್ಕಿ ಭತ್ತದ್ದೇ, ರವೆ ಗೋಧಿಯದ್ದೇ. ಒತ್ತು ಶಾವಿಗೆ ಅಕ್ಕಿಯದು, ಕಾರ್ನ್‌ಫ್ಲೋರ್ ಮುಸುಕಿನ ಜೋಳದ್ದು. ಸಬ್ಬಕ್ಕಿ ಮಾತ್ರ ಮರಗೆಣಸಿನದು. ಕಣ್ಣಿಗೆ ಬೀಳದ ಇನ್ನೊಂದಿದೆ, ಇಂಗು. ಅಂಗಡಿಯಲ್ಲಿ ಸಿಗುವ ಕೂಟು ಇಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಅಕ್ಕಿಹಿಟ್ಟು ಬೆರೆತಿರುತ್ತದೆ. ಮೇಲುಕೋಟೆಯಿಂದ ತಂದ ಪುಳಿಯೋಗರೆ ಗೊಜ್ಜನ್ನು ಗೆಡ್ಡೆಕೋಸಿನ ಎಳೆಗಳಿಗೆ ಕಲಸಿದರೆ ಬಹಳ ರುಚಿ, ನನ್ನ ಲೆಕ್ಕದಲ್ಲಿ ಅನ್ನಕ್ಕೆ ಕಲಸಿದ್ದಕ್ಕಿಂತ ಏನೂ ಕಡಿಮೆಯಲ್ಲ. ಆದರೆ ಅದರಲ್ಲೂ ಇಂಗು ಇರಬಹುದು, ಮನೆಯಲ್ಲಿ ಸೀಲಿಯಾಕ್ ಇರುವ ಮಗುವಿದ್ದರೆ ಪೊಟ್ಟಣದ ಹಿಂದೆ ಬರೆದದ್ದನ್ನು ಓದಿ. ಉಪ್ಪು, ಖಾರವೂ ಆ ಗೊಜ್ಜಿನಲ್ಲಿ ಜಾಸ್ತಿ, ಮಕ್ಕಳ ಪಾಲಿಗೆ ಅರ್ಧ ಚಮಚ ಸಾಕು.

ತಪ್ಪು ಕಲ್ಪನೆ: ಇದಕ್ಕೆ ಮೆಷಿನ್ ಬೇಕು, ಯಾವ ತರಕಾರಿಯಾದರೂ ನಡೆಯುತ್ತದೆ.

ವಾಸ್ತವ: ತಿರುಗಿಸುವ ಪ್ಲಾಸ್ಟಿಕ್ ಯಂತ್ರ ಇದ್ದರೆ ಇರಲಿ. ಸಿಪ್ಪೆ ಹೆರೆಯುವ ಪೀಲರಿನಿಂದ ಉದ್ದುದ್ದ ಪಟ್ಟಿ ಎಳೆದು, ಚಾಕುವಿನಲ್ಲಿ ಸೀಳಿದರೂ ಅದೇ. ಶಾವಿಗೆ ಒರಳಿಗೆ ಹಸಿ ತರಕಾರಿ ಹಾಕಲು ಹೋಗಬೇಡಿ, ಅದು ಬೆಂದ ಹಿಟ್ಟಿನ ಉಂಡೆಗಾಗಿ ಆದದ್ದು.

ತರಕಾರಿಯ ಆಯ್ಕೆಯಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಸೀಮೆಬದನೆ, ಗೆಡ್ಡೆಕೋಸು, ಕ್ಯಾರೆಟ್, ಕಾಯಿ ಪರಂಗಿ ಎಳೆ ಮುರಿಯದೆ ನಿಲ್ಲುತ್ತವೆ. ಸೋರೆಕಾಯಿ ಎಳೆಯದಾಗಿದ್ದು, ನಡುವಿನ ತಿರುಳು-ಬೀಜ ಬಿಟ್ಟು ಹೊರಭಾಗ ಮಾತ್ರ ಹೆರೆದರೆ ಸರಿ. ಹೀರೆಕಾಯಿ, ಪಡವಲಕಾಯಿ ಬೆಂದರೆ ಮುದ್ದೆಯಾಗುತ್ತವೆ, ಅವು ಕೂಟಿಗೇ ಇರಲಿ. ಇನ್ನು ನೀರಿನ ವಿಷಯ. ಉಪ್ಪು ಬಿದ್ದ ಗಳಿಗೆಯಿಂದ ತರಕಾರಿ ನೀರು ಬಿಡುತ್ತದೆ. ಉಪ್ಪು ಹಾಕಿಟ್ಟು ಹಿಂಡುವ ಪದ್ಧತಿ ಚೆನ್ನಾಗಿದೆ, ಆದರೆ ಅದರಲ್ಲಿ ಮಗುವಿಗೆ ಬೇಕಾದ್ದಕ್ಕಿಂತ ಹೆಚ್ಚು ಉಪ್ಪು ಉಳಿದುಬಿಡಬಹುದು. ಅಗಲವಾದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಳೆ ಹಾಕಿ, ಮುಚ್ಚಳ ಮುಚ್ಚದೆ ಎರಡು ಮೂರು ನಿಮಿಷ ಆಡಿಸಿ, ಉಪ್ಪು ಕೊನೆಗೆ ಹಾಕಿ. ಉಪ್ಪೆಸರು, ಬಸ್ಸಾರು ಇದರ ಮೇಲೆ ನಿಲ್ಲುವುದಿಲ್ಲ. ಮುದ್ದೆ ಸಾರನ್ನು ಹೀರಿಕೊಳ್ಳುತ್ತದೆ, ಸೀಮೆಬದನೆ ಹೀರುವುದಿಲ್ಲ. ಗಟ್ಟಿ ಗೊಜ್ಜು, ಮಸ್ಸೊಪ್ಪು ಆದರೆ ಹಿಡಿದುಕೊಳ್ಳುತ್ತದೆ.

ತಪ್ಪು ಕಲ್ಪನೆ: ಸೋರೆಕಾಯಿ ಸ್ವಲ್ಪ ಕಹಿ ಇದ್ದರೆ ಒಳ್ಳೆಯದೇ, ಹೊಟ್ಟೆ ಶುದ್ಧವಾಗುತ್ತದೆ.

ವಾಸ್ತವ: ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಹಾಗಲಕಾಯಿಯ ಕಹಿ ಬೇರೆ, ಸೋರೆಕಾಯಿಯ ಕಹಿ ಬೇರೆ. ಕಹಿಯಾದ ಸೋರೆ, ಹೀರೆ, ಸೌತೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಹೆಚ್ಚಾಗಿರುತ್ತದೆ; ವಾಂತಿ, ಭೇದಿ, ಕರುಳಿನಲ್ಲಿ ರಕ್ತಸ್ರಾವದವರೆಗೆ ಹೋಗಬಹುದು. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿ ರಸ ಕುಡಿದ ವಿಜ್ಞಾನಿಯೊಬ್ಬರು ತೀರಿಕೊಂಡ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ತಜ್ಞರ ಸಮಿತಿ ಮಾಡಿತು. ಕಹಿ ಇದ್ದರೆ ಸೇವಿಸಲೇಬೇಡಿ ಎಂದು ಅದು ಹೇಳಿತು. ಬೇಯಿಸಿದರೆ ಆ ಕಹಿ ಹೋಗುತ್ತದೆಂದು ನಂಬುವಂತಿಲ್ಲ. ಹೆರೆಯುವ ಮೊದಲು ತುದಿಯ ಒಂದು ಚೂರು ದೊಡ್ಡವರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಅನ್ನಿಸಿದರೆ ಉಗಿದು, ಇಡೀ ಕಾಯಿಯನ್ನು ಎಸೆಯಿರಿ.

ತಪ್ಪು ಕಲ್ಪನೆ: ಹಸಿಯಾಗಿ ಕೊಟ್ಟರೆ ಸತ್ವ ಪೂರ್ತಿ ಸಿಗುತ್ತದೆ.

ವಾಸ್ತವ: ಅರ್ಧ ನಿಜ. ಬೇಯಿಸಿದರೆ ಸಿ ಜೀವಸತ್ವ ಕಡಿಮೆಯಾಗುತ್ತದೆ. ಕ್ಯಾರೆಟ್, ಸಿಹಿಗುಂಬಳದಲ್ಲಿರುವ ಎ ಜೀವಸತ್ವದ ಮೂಲವಸ್ತು ಮಾತ್ರ ಬೆಂದು, ಎಣ್ಣೆ ಅಥವಾ ತುಪ್ಪ ಸೇರಿದಾಗಲೇ ಮೈಗೆ ಚೆನ್ನಾಗಿ ಹತ್ತುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಹಸಿ ಕ್ಯಾರೆಟ್ ತುಂಡು, ಇಡೀ ಕಡ್ಲೆಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಎಳೆಗಳನ್ನು ಮೆತ್ತಗೆ ಬೇಯಿಸಿ, ಬೆರಳಗಲಕ್ಕೆ ಕತ್ತರಿಸಿ, ಮಗುವನ್ನು ಕೂರಿಸಿ ತಿನ್ನಿಸಿ.

ತಪ್ಪು ಕಲ್ಪನೆ: ಮಕ್ಕಳಿಗೆ ಅಡುಗೆಮನೆಯಲ್ಲಿ ಏನು ಕೆಲಸ?

ವಾಸ್ತವ: ಅವರೆಕಾಯಿ ಕಾಲದಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಮಾಗಿ ಚಳಿಗೆ ಸೊಗಡು ಅವರೆ ಬಂತೆಂದರೆ ಕಾಯಿ ಸುಲಿಯಲು ಮನೆಯ ಮಕ್ಕಳೆಲ್ಲ ಸುತ್ತ ಕೂರಲೇಬೇಕು. ಕಾಳು ನೆನೆಸಿ, ಮರುದಿನ ಹೆಬ್ಬೆರಳು-ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮುತ್ತದೆ. ಯಾರದು ದೂರ ಹಾರಿತು ಎಂಬ ಪಂದ್ಯವೂ ನಡೆಯುತ್ತದೆ, ಅರ್ಧ ಬೇಳೆ ಮಂಚದ ಕೆಳಗಿರುತ್ತದೆ. ಬೈಯುತ್ತಲೇ ಎಲ್ಲರೂ ಮಾಡಿಸುತ್ತಾರೆ. ಚಾಕು ಬೇಡ, ಬೆಂಕಿ ಬೇಡ, ಮೂರು ವರ್ಷದ ಬೆರಳಿಗೂ ಬರುವ ಕೆಲಸ. ಆ ಹಿತಕಿದ ಬೇಳೆಯನ್ನು ಕಾಯಿ, ಕೊತ್ತಂಬರಿ, ಶುಂಠಿ ರುಬ್ಬಿ ಹಾಕಿ ಗಟ್ಟಿಯಾಗಿ ಬೇಯಿಸಿ, ಮಕ್ಕಳ ಪಾಲು ತೆಗೆದ ಮೇಲೆ ಖಾರ ಹಾಕಿ, ಸೀಮೆಬದನೆ ಎಳೆಗಳ ಮೇಲೆ ಸುರಿದು ನೋಡಿ. ಧಾನ್ಯವಿಲ್ಲದ ಊಟ ಅಂತ ಹೇಳಿದರೆ ಹೊರತು ಗೊತ್ತಾಗುವುದಿಲ್ಲ.

ಸೊಪ್ಪು ಬಿಡಿಸುವುದು, ತರಕಾರಿ ತೊಳೆಯುವುದು, ಎಳೆಗಳಿಗೆ ಕಾಯಿತುರಿ ಕಲಸುವುದು ಚಿಕ್ಕವರಿಗೆ. ಪೀಲರ್ ಏಳೆಂಟು ವರ್ಷದವರಿಗೆ, ದೊಡ್ಡವರು ಪಕ್ಕದಲ್ಲಿ ಕೂತಿದ್ದರೆ. ಈಳಿಗೆಮಣೆ ಯಾರಿಗೂ ಬೇಡ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಒಲೆಯೂ, ಇಳಿಸಿಟ್ಟ ಸಾರಿನ ಪಾತ್ರೆಯೂ ನೆಲದ ಮೇಲೇ ಇರುತ್ತವೆ. ಮಕ್ಕಳ ಕೆಲಸಕ್ಕೆ ಜಗುಲಿಯಲ್ಲಿ ಚಾಪೆ ಹಾಸಿ, ಒಲೆಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ತಪ್ಪು ಕಲ್ಪನೆ: ತಾನೇ ಮಾಡಿದ್ದನ್ನು ಮಗು ಖಂಡಿತ ತಿನ್ನುತ್ತದೆ, ತಿನ್ನದಿದ್ದರೆ ಒಂದಿಷ್ಟು ಬೆಲ್ಲ ಹಾಕಿದರೆ ಆಯಿತು.

ವಾಸ್ತವ: ತಾನೇ ಕಲಸಿದ್ದನ್ನು ಮುಟ್ಟಿ ನೋಡುತ್ತದೆ, ಮೂಸುತ್ತದೆ, "ನಂಗೆ ಬ್ಯಾಡ" ಅಂತ ಆಚೆ ತಳ್ಳಲೂಬಹುದು. ಹೊಸ ರುಚಿ ಹಿಡಿಸಲು ಎಂಟು-ಹತ್ತು ಸಲ, ಕೆಲವರಿಗೆ ಇನ್ನೂ ಹೆಚ್ಚು ಸಲ ತಟ್ಟೆಯಲ್ಲಿ ಕಾಣಿಸಬೇಕು. ಬಲವಂತ ಮಾಡಿದರೆ ಆ ಎಣಿಕೆ ಮೊದಲಿನಿಂದ ಶುರು. ಸಕ್ಕರೆ ನಾಡಾದ ಮಂಡ್ಯದವರಿಗೆ ಬೆಲ್ಲದ ಮೇಲೆ ಕೈ ಹೋಗುವುದು ಬೇಗ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಎರಡು ವರ್ಷದೊಳಗಿನವರಿಗೆ ಎರಡೂ ಬೇಡ. ಟೊಮೆಟೊ ಸಾಸಿನಲ್ಲೂ ಸಕ್ಕರೆ ಇದೆ.

ಸ್ಕೂಲಿನ ಡಬ್ಬಿಗೆ ಹಾಕುವುದಾದರೆ ಸೋರೆಕಾಯಿ ಬೇಡ, ಹನ್ನೆರಡೂವರೆ ಹೊತ್ತಿಗೆ ನೀರಲ್ಲಿ ತೇಲುತ್ತಿರುತ್ತದೆ. ಗೆಡ್ಡೆಕೋಸು, ಕ್ಯಾರೆಟ್ ಎಳೆಯನ್ನು ಹುರಿದು, ಆರಿಸಿ, ಕಡ್ಲೆಬೀಜದ ಪುಡಿ ಉದುರಿಸಿ ಮುಚ್ಚಿ. ಬೇಯಿಸಿದ ಗೆಣಸನ್ನು ಬೇರೆ ಡಬ್ಬಿಯಲ್ಲಿಡಿ.