ಗೆರೆ ಎಳೆಯುವ ಕೈ ಯಾರದು?

ಸುಳ್ಯ ತಾಲ್ಲೂಕಿನ ಗುತ್ತಿಗಾರು ಘಟ್ಟದ ಬುಡದ ಊರು. 2004ರ ಚುನಾವಣೆಯ ತನಕ ಇಲ್ಲಿಯ ಅಡಿಕೆ ಕೃಷಿಕರೂ ಘಟ್ಟದ ಮೇಲಿನ ಸೋಮವಾರಪೇಟೆಯ ಕಾಫಿ ಬೆಳೆಗಾರರೂ ಸೇರಿ ಒಬ್ಬನೇ ಸಂಸದನನ್ನು ಆರಿಸುತ್ತಿದ್ದರು. ಆಗಿನ ಮಂಗಳೂರು ಲೋಕಸಭಾ ಕ್ಷೇತ್ರ ಕಡಲ ತಡಿಯಿಂದ ಹೊರಟು, ಘಟ್ಟ ಹತ್ತಿ, ಇಡೀ ಕೊಡಗನ್ನು ಒಳಗೊಂಡಿತ್ತು. 2008ರ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರು ಕ್ಷೇತ್ರಕ್ಕೆ ಸೇರಿತು. ವಿಟ್ಲ ವಿಧಾನಸಭಾ ಕ್ಷೇತ್ರ ಇಲ್ಲವಾಯಿತು. ಎಂಟು ವಿಧಾನಸಭಾ ಕ್ಷೇತ್ರಗಳ ‘ದಕ್ಷಿಣ ಕನ್ನಡ’ ಲೋಕಸಭಾ ಕ್ಷೇತ್ರ ಹುಟ್ಟಿತು. ಗುತ್ತಿಗಾರಿನ ಒಂದು ಮನೆಯೂ ಜಾಗ ಬಿಟ್ಟು ಕದಲಲಿಲ್ಲ. ಮತ ಎಣಿಕೆಯ ಜೊತೆಗಾರರು ಮಾತ್ರ ಬದಲಾದರು.

ಕ್ಷೇತ್ರದ ಆಕಾರ ವಿಚಿತ್ರವಾಗಿದ್ದ ಮಾತ್ರಕ್ಕೆ ಅದರ ಹಿಂದೆ ಮೋಸವಿದೆ ಎನ್ನಲಾಗದು. ಮೋಸಕ್ಕೆ ಬೇರೆಯೇ ಹೆಸರಿದೆ: ‘ಜೆರ್ರಿಮ್ಯಾಂಡರಿಂಗ್’. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್‌ಬ್ರಿಡ್ಜ್ ಗೆರ್ರಿ ತಮ್ಮ ಪಕ್ಷಕ್ಕೆ ಅನುಕೂಲವಾಗುವ ಕ್ಷೇತ್ರ ವಿಂಗಡಣೆಗೆ ಸಹಿ ಹಾಕಿದರು. ಅದರಲ್ಲೊಂದು ಕ್ಷೇತ್ರ ಹಲ್ಲಿಯನ್ನು ಹೋಲುವ ‘ಸಲಮಾಂಡರ್’ ಪ್ರಾಣಿಯಂತೆ ಕಂಡಿತು. ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು, ಗವರ್ನರರ ಹೆಸರನ್ನೂ ಜೋಡಿಸಿ ಪ್ರಕಟಿಸಿತು. ಆ ವರ್ಷದ ಸೆನೆಟ್ ಚುನಾವಣೆಯಲ್ಲಿ ಗೆರ್ರಿಯವರ ಪಕ್ಷಕ್ಕೆ ಎದುರಾಳಿಗಳಿಗಿಂತ ಕಡಿಮೆ ಮತ ಬಂದರೂ 40 ಸ್ಥಾನಗಳಲ್ಲಿ 29 ದಕ್ಕಿದವು. ಇಡೀ ರಾಜ್ಯವೇ ಒಂದು ಕ್ಷೇತ್ರವಾಗಿದ್ದ ಗವರ್ನರ್ ಚುನಾವಣೆಯಲ್ಲಿ ಗೆರ್ರಿ ಸೋತರು!

ಇದರ ಲೆಕ್ಕ ಸರಳ. ಒಂದು ಊರಿನಲ್ಲಿ 15 ಮತಗಳಿವೆ ಎನ್ನೋಣ. ಒಂದು ಪಕ್ಷಕ್ಕೆ 9, ಇನ್ನೊಂದಕ್ಕೆ 6. ಐದೈದು ಮತಗಳ ಮೂರು ವಾರ್ಡು ಮಾಡುವಾಗ ದೊಡ್ಡ ಪಕ್ಷದ ಐದು ಮತಗಳನ್ನು ಒಂದೇ ವಾರ್ಡಿಗೆ ತುಂಬಿ, ಉಳಿದ ನಾಲ್ಕನ್ನು ಎರಡೆರಡಾಗಿ ಹಂಚಿದರೆ ಸಾಕು. ಆರು ಮತದ ಪಕ್ಷ ಎರಡು ವಾರ್ಡು ಗೆಲ್ಲುತ್ತದೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಗೆರೆ ಎಳೆಯುವವರು ಶಾಸಕರೇ. ಭಾರತದಲ್ಲಿ ಆ ಕೆಲಸ ಸ್ವತಂತ್ರ ಆಯೋಗದ್ದು. 2002ರಲ್ಲಿ ನೇಮಕವಾದ ಆಯೋಗಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಸಂಸದರೂ ಶಾಸಕರೂ ಸಹ ಸದಸ್ಯರಾಗಿ ಕುಳಿತು ಅಭಿಪ್ರಾಯ ಹೇಳಬಹುದಿತ್ತು. ಮತ ಹಾಕುವ, ಆದೇಶಕ್ಕೆ ಸಹಿ ಮಾಡುವ ಹಕ್ಕು ಅವರಿಗಿರಲಿಲ್ಲ.

ಪಂಚಾಯಿತಿಯ ಮಟ್ಟಕ್ಕೆ ಇಳಿದರೆ ಚಿತ್ರ ಬದಲಾಗುತ್ತದೆ. 2021ರಲ್ಲಿ ಕರ್ನಾಟಕವು ಜಿಲ್ಲಾ, ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳ ಗಡಿ ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು, ಸರ್ಕಾರವೇ ನೇಮಿಸುವ ಆಯೋಗಕ್ಕೆ ಕೊಟ್ಟಿತು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿದಿದ್ದರೂ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಗೆರೆಯನ್ನು ವಕ್ರವಾಗಿ ಎಳೆದರೆ ಮತದ ಬೆಲೆ ಇಳಿಯುತ್ತದೆ. ಎಳೆಯುವುದನ್ನೇ ಮುಂದೂಡುತ್ತಾ ಹೋದರೆ ಮತ ಹಾಕುವ ದಿನವೇ ಬರುವುದಿಲ್ಲ.