ಗೋವಿನಜೋಳದ ಎಲೆ ಯಾಕೆ ಪಟ್ಟೆಪಟ್ಟೆ ಆಗುತ್ತದೆ?



ಈ ಸಲ ಮುಂಗಾರಿನಲ್ಲಿ ನಮ್ಮ ಗೋವಿನಜೋಳ ಮೊಣಕಾಲುದ್ದ ಬಂದಿತ್ತು. ಆಗ ಕಬ್ಬಿನ ಹೊಲದ ಕಡೆ ಇರುವ ನಾಲ್ಕು ಸಾಲುಗಳಲ್ಲಿ ಎಲೆ ಹಳದಿ ಆಗತೊಡಗಿತು. ಗೊಬ್ಬರ ಸಾಲದು ಅಂತ ಅಪ್ಪ ಯೂರಿಯಾ ಹಾಕಿದ. ಹೋಗಲಿಲ್ಲ. ಅಂಗಡಿಯವರು ಕೊಟ್ಟ ಔಷಧಿಯನ್ನು ಎರಡು ಸಲ ಹೊಡೆದ. ಆಗಲೂ ಹೋಗಲಿಲ್ಲ. ಅವ್ವ ಸಂಘದಿಂದ ತಂದಿದ್ದ ದುಡ್ಡು ಅದಕ್ಕೇ ಖರ್ಚಾಯಿತು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ.

ನಾನು ಒಂದು ಎಲೆ ಕಿತ್ತು ನಮ್ಮ ವಿಜ್ಞಾನದ ಗುರುಗಳಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, "ಇದು ಮೊಸಾಯಿಕ್ ನಂಜುರೋಗದ ಹಾಗೆ ಕಾಣುತ್ತದೆ. ಯಾವ ವೈರಸ್ ಅಂತ ಪ್ರಯೋಗಾಲಯದವರೇ ಹೇಳಬೇಕು" ಅಂದರು. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಗುರುತಿಸುವುದು ಹೇಗೆ?

ಎಲ್ಲ ಹಳದಿಯೂ ಒಂದೇ ಅಲ್ಲ. ಸಾರಜನಕ ಕಡಿಮೆಯಾದರೆ ಮೊದಲು ಕೆಳಗಿನ ಹಳೇ ಎಲೆ ಹಳದಿಯಾಗುತ್ತದೆ. ಅದೂ ತುದಿಯಿಂದ ನಡುದಿಂಡಿನ ಗುಂಟ ಒಳಗೆ ಬರುತ್ತದೆ. ಕೇದಿಗೆ ರೋಗವಾದರೆ ಬೆಳಿಗ್ಗೆ ಎಲೆಯ ಕೆಳಗೆ ಬಿಳಿ ಹಿಟ್ಟು ಉದುರಿಸಿದಂತೆ ಕಾಣುತ್ತದೆ, ಅದು ಬೂಷ್ಟಿನಂಥ ಜೀವಿ. ಮೊಸಾಯಿಕ್‌ನಲ್ಲಿ ಬಿಳಿ ಹಿಟ್ಟು ಇರುವುದಿಲ್ಲ. ಸುಳಿಯ ಎಳೇ ಎಲೆಯಲ್ಲೇ ಶುರುವಾಗುತ್ತದೆ. ತಿಳಿಹಸಿರು ಎಲೆಯ ಮೇಲೆ ಕಡುಹಸಿರಿನ ತುಂಡುತುಂಡು ಗೆರೆ, ಮಚ್ಚೆ ಇರುತ್ತವೆ. ಎಳೆಯದರಲ್ಲೇ ರೋಗ ಬಂದ ಗಿಡ ಗಿಡ್ಡಾಗಿ ಉಳಿದು, ತೆನೆ ಸಣ್ಣದಾಗಿ, ಕಾಳು ಸರಿಯಾಗಿ ಕಟ್ಟುವುದಿಲ್ಲ.

ತರುವವರು ಯಾರು?

ಈ ರೋಗ ಗಾಳಿಯಲ್ಲಿ ತಾನೇ ಹಾರಿ ಬರುವುದಿಲ್ಲ. ಇದನ್ನು ಹೊತ್ತು ತರುವುದು ಸಸ್ಯಹೇನು. ಸುಳಿ ಬಿಡಿಸಿದರೆ ಎಳ್ಳಿನ ಕಾಳಿಗಿಂತ ಸಣ್ಣ, ನೀಲಿಹಸಿರು ಹುಳುಗಳ ಗುಂಪು ಕಾಣುತ್ತದಲ್ಲ, ಅದೇ. ಹೆಣ್ಣು ಹೇನು ಗಂಡಿನ ಸಂಗವಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಆದ್ದರಿಂದ ನೋಡನೋಡುತ್ತಾ ಗುಂಪು ಬೆಳೆಯುತ್ತದೆ. ಜಾಗ ಸಾಲದೆ ಹೋದಾಗ ರೆಕ್ಕೆಯ ಹೇನು ಹುಟ್ಟಿ ಬೇರೆ ಹೊಲಕ್ಕೆ ಹಾರುತ್ತವೆ.

ಹೇನಿನ ಬಾಯಿ ಸೂಜಿಯ ಹಾಗೆ. ರೋಗದ ಗಿಡಕ್ಕೆ ಒಮ್ಮೆ ಚುಚ್ಚಿದರೆ ಕೆಲವೇ ಸೆಕೆಂಡುಗಳಲ್ಲಿ ವೈರಸ್ ಆ ಸೂಜಿಗೆ ಅಂಟುತ್ತದೆ. ಮುಂದಿನ ಗಿಡಕ್ಕೆ ಚುಚ್ಚಿದಾಗ ಅದಕ್ಕೆ ದಾಟುತ್ತದೆ. ವೈರಸ್ ಹೇನಿನ ಬಾಯಲ್ಲಿ ಬಹಳ ಹೊತ್ತು ಉಳಿಯುವುದೂ ಇಲ್ಲ. ಈ ವೈರಸ್ ಎಷ್ಟು ಸಣ್ಣದು ಗೊತ್ತಾ? ಒಂದು ಮಿಲಿಮೀಟರಿನ ಉದ್ದಕ್ಕೆ ಸುಮಾರು 1300 ವೈರಸ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಬಹುದು. ನಮ್ಮ ಶಾಲೆಯ ಸೂಕ್ಷ್ಮದರ್ಶಕಕ್ಕೂ ಅದು ಕಾಣದು.

ಅಪ್ಪ ಹೊಡೆದ ಔಷಧಿ ಯಾಕೆ ಕೆಲಸ ಮಾಡಲಿಲ್ಲ ಅಂತ ನನಗೆ ಆಗ ತಿಳಿಯಿತು. ಹೊರಗಿನಿಂದ ಹಾರಿಬಂದ ಹೇನು ಔಷಧಿಗೆ ಸಾಯುವುದರೊಳಗೇ ಗಿಡಕ್ಕೆ ಚುಚ್ಚಿ ಆಗಿರುತ್ತದೆ. ರೋಗ ಹತ್ತಿದ ಗಿಡವನ್ನು ವಾಸಿ ಮಾಡುವ ಔಷಧಿಯಂತೂ ಇಲ್ಲ. ಮೇಲಾಗಿ ಔಷಧಿ ಹೊಡೆದರೆ ಹೇನು ತಿನ್ನುವ ಗುಲಗಂಜಿ ಹುಳುವೂ ಸಾಯುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು ನಮ್ಮ ಕಥೆ.

ಬೇರೆ ದೇಶಗಳ ಮಾತು

1920ರಲ್ಲಿ ಅಮೆರಿಕದ ವಿಜ್ಞಾನಿ ಬ್ರಾಂಡೆಸ್ ಅವರು ಕಬ್ಬಿನ ಮೊಸಾಯಿಕ್ ರೋಗವನ್ನು ಜೋಳದ ಹೇನು ಹರಡುತ್ತದೆ ಎಂದು ತೋರಿಸಿದರು. ಆ ದಶಕದಲ್ಲಿ ಅಲ್ಲಿನ ಲೂಸಿಯಾನಾ ರಾಜ್ಯದ ಕಬ್ಬಿನ ಬೆಳೆ ಮೊಸಾಯಿಕ್ ಮತ್ತು ಬೇರೆ ರೋಗಗಳಿಂದ ಹಾಳಾಯಿತು. ರೋಗ ತಡೆಯುವ ತಳಿಗಳು ಬಂದ ಮೇಲೆಯೇ ರೈತರು ಚೇತರಿಸಿಕೊಂಡರು. ಅಂಥ ತಳಿಗಳಲ್ಲಿ ಜಾವಾ ದ್ವೀಪದವಲ್ಲದೆ ನಮ್ಮ ಕೊಯಮತ್ತೂರಿನವೂ ಇದ್ದವು!

1962ರಲ್ಲಿ ಅಮೆರಿಕದ ಒಹಾಯೋದಲ್ಲಿ ಗೋವಿನಜೋಳವನ್ನು ಗಿಡ್ಡಗೊಳಿಸುವ ಮೊಸಾಯಿಕ್ ಕಾಣಿಸಿತು. ಅದರ ವೈರಸ್ ಜಾನ್ಸನ್ ಹುಲ್ಲು ಎಂಬ ಕಳೆಯ ಬೇರುಗೆಡ್ಡೆಯಲ್ಲಿ ಚಳಿಗಾಲ ಕಳೆಯುತ್ತಿತ್ತು. ಕಬ್ಬಿನ ಮೊಸಾಯಿಕ್ ವೈರಸ್ ಅದರ ದಾಯಾದಿ. ಅದು ಕಬ್ಬಿನಲ್ಲಿ ಉಳಿದು ಗೋವಿನಜೋಳಕ್ಕೂ ಜೋಳಕ್ಕೂ ಬರುತ್ತದೆ. 2011ರಲ್ಲಿ ಕೀನ್ಯಾ ದೇಶದಲ್ಲಿ ಈ ಕಬ್ಬಿನ ವೈರಸ್ಸಿನ ಜೊತೆ ಇನ್ನೊಂದು ವೈರಸ್ ಕೂಡಿಕೊಂಡು ಹೊಲಕ್ಕೆ ಹೊಲವೇ ಒಣಗಿತು. ಗೋವಿನಜೋಳದ ಮುದ್ದೆಯೇ ಅಲ್ಲಿಯವರ ದಿನದ ಊಟ. ಒಂದು ಬೆಳೆ ಹೋದರೆ ಒಲೆಯೇ ಹೊತ್ತದು.

ನಾವು ಏನು ಮಾಡಬಹುದು?

1. ರೋಗದ ಗಿಡ ಒಂದೆರಡು ಕಂಡಾಗಲೇ ಕಿತ್ತು ಹಾಕಬೇಕು. ಈ ವೈರಸ್ ಮನುಷ್ಯರಿಗೂ ದನಕ್ಕೂ ರೋಗ ತರುವುದಿಲ್ಲ. ಆದರೆ ಔಷಧಿ ಹೊಡೆದ ಗಿಡವನ್ನು ದನಕ್ಕೆ ಹಾಕಬಾರದು.
2. ಬದುವಿನ ಹುಲ್ಲು, ತಾನಾಗಿ ಹುಟ್ಟಿದ ಜೋಳದ ಗಿಡ ತೆಗೆಯಬೇಕು.
3. ಅಕ್ಕಪಕ್ಕದವರು ಒಂದೇ ಹೊತ್ತಿಗೆ ಬಿತ್ತಬೇಕು. ತಡವಾಗಿ ಬಿತ್ತಿದ ಎಳೇ ಬೆಳೆಗೆ ಹಳೇ ಬೆಳೆಯ ಹೇನು ಬರುತ್ತವೆ.
4. ಕಬ್ಬಿನ ಬೀಜದ ತುಂಡುಗಳನ್ನು ರೋಗವಿಲ್ಲದ ಹೊಲದಿಂದಲೇ ತರಬೇಕು. ತುಂಡಿನ ಜೊತೆಗೇ ರೋಗವೂ ಬರುತ್ತದೆ.
5. ರೋಗ ತಡೆಯುವ ತಳಿ ಯಾವುದು ಅಂತ ಕೃಷಿ ಇಲಾಖೆಯವರನ್ನು ಕೇಳಬೇಕು.

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಅಪ್ಪ ಸುಮ್ಮನೆ ಕೇಳಿ, "ಮೊದಲೇ ಗೊತ್ತಿದ್ರೆ ನಿಮ್ಮವ್ವನ ದುಡ್ಡು ಉಳೀತಿತ್ತು" ಅಂದ. ಮರುದಿನ ನಾವು ಮೂವರೂ ಸಾಲು ಹಿಡಿದು ನಡೆದು, ಪಟ್ಟೆ ಇದ್ದ ಗಿಡಗಳನ್ನೆಲ್ಲ ಕಿತ್ತೆವು. ಉಳಿದ ಬೆಳೆ ಈಗ ಸೂಲಂಗಿ ಬಿಟ್ಟಿದೆ.

ಗೆಳೆಯರೇ, ನಿಮ್ಮ ಹೊಲದಲ್ಲಿ ಎಲೆ ಹಳದಿಯಾದರೆ ಅಂಗಡಿಗೆ ಓಡುವ ಮೊದಲು ಒಂದು ಎಲೆ ಶಾಲೆಗೆ ತನ್ನಿ. ಎಲ್ಲರೂ ಸೇರಿ ನೋಡೋಣ.

— ಹತ್ತನೇ ತರಗತಿಯ ವಿದ್ಯಾರ್ಥಿನಿ