ಮನೆಮಂದಿಗೆಲ್ಲ ಒಂದು ಹಳೆಯ ಗಾಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗೃಹಸ್ಥನಿಗೆ ಎರಡೇ ಪರೀಕ್ಷೆಗಳನ್ನು ಹೇಳಿಟ್ಟು ಹೋದರು. ಅವರ ಕಾಲದಲ್ಲಿ ಮೋಟಾರು ಗಾಡಿಯು ಶ್ರೀಮಂತರ ಅಂಗಳದಲ್ಲಿ ಮಾತ್ರ ನಿಲ್ಲುತ್ತಿದ್ದುದರಿಂದ ಮೂರನೆಯದನ್ನು ಸೇರಿಸುವ ಪ್ರಸಂಗ ಅವರಿಗೆ ಬರಲಿಲ್ಲ. ನಮಗೆ ಬಂದಿತು. ಹಳೆಯ ಗಾಡಿಯೊಂದನ್ನು ಕೊಳ್ಳಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಮ್ಮ ಮನೆಯು ನಾಲ್ಕು ತಿಂಗಳು ಕಳೆಯಿತು. ಅದರಲ್ಲಿ ಕಲಿತುದನ್ನು ಇಂಥದೇ ಯೋಚನೆಯಲ್ಲಿರುವ ವಾಚಕರ ಮುಂದೆ ಇಡುತ್ತೇನೆ.

ನಾವಿರುವುದು ಮಳಖೇಡದಲ್ಲಿ. ರಾಷ್ಟ್ರಕೂಟರ ಮಾನ್ಯಖೇಟವೆಂದು ಪಾಠಪುಸ್ತಕಗಳಲ್ಲಿ ಓದಿದ ಊರೇ ಇದು. ಅಮೋಘವರ್ಷನ ರಾಜಧಾನಿಗೆ ಯಾವ ಬಗೆಯ ರಥಗಳು ಬರುತ್ತಿದ್ದುವೋ ತಿಳಿಯದು. ಈಗಂತೂ ಹಗಲಿರುಳು ಸಿಮೆಂಟಿನ ಲಾರಿಗಳು ಹೋಗುತ್ತವೆ, ಶಹಾಬಾದದ ಕಡೆಯ ರಸ್ತೆಗಳಲ್ಲಿ ಪರಸಿ ಕಲ್ಲು ಹೊತ್ತ ಲಾರಿಗಳು ಹೋಗುತ್ತವೆ. ಮನೆಯಲ್ಲಿ ಎಂಟು ಜನ: ಎಪ್ಪತ್ತಾರು ವರ್ಷದ ತಾಯಿಯವರು, ಅಣ್ಣ, ಅತ್ತಿಗೆ, ನಾವು ದಂಪತಿಗಳು, ಅಣ್ಣನ ಸೊಸೆ, ಅವಳ ಇಬ್ಬರು ಮಕ್ಕಳು. ಅಣ್ಣನ ಮಗನು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ತಾಯಿಯವರಿಗೆ ಹೃದಯದ ತೊಂದರೆ ಇರುವುದರಿಂದ ತಿಂಗಳಿಗೆ ಎರಡು ಸಲ ಕಲಬುರಗಿಗೆ ಕರೆದೊಯ್ಯಬೇಕು. ದಾರಿ ಸುಮಾರು 40 ಕಿಲೋಮೀಟರು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ತಾಯಿಯವರಿಗೆ ಎದೆ ಹಿಡಿದಂತಾಯಿತು. ಯಾವಾಗಲೂ ಬರುವ ಬಾಡಿಗೆಯವನು ಮದುವೆಗೆಂದು ಊರು ಬಿಟ್ಟಿದ್ದನು. ಎರಡನೆಯವನು ಫೋನು ಎತ್ತಲಿಲ್ಲ. ಮೂರನೆಯವನು ಬರುವೆನೆಂದು ಹೇಳಿ ಬರುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ದೇವರ ದಯೆಯಿಂದ ಅಪಾಯವೇನೂ ಆಗಲಿಲ್ಲ. ಆದರೆ ಆ ಒಂದೂವರೆ ಗಂಟೆ ನಡುಮನೆಯಲ್ಲಿ ತಿರುಗಾಡಿದ ಅಣ್ಣನು ಮರುದಿನ ಬೆಳಗ್ಗೆ ಸ್ನಾನಕ್ಕೂ ಮೊದಲೇ, “ಗಾಡಿ ತಗೊಳ್ಳೋಣ” ಎಂದನು.

ನಾನು ಲೆಕ್ಕದವನು. ಕಾಗದ ಪೆನ್ಸಿಲು ಹಿಡಿದು ಕುಳಿತೆನು. ಆಸ್ಪತ್ರೆಯ ಓಡಾಟ, ಸೇಡಮಿನ ಪೇಟೆ, ಗಾಣಗಾಪುರ, ನಂಟರ ಮನೆಯ ಶುಭಕಾರ್ಯ, ಇವೆಲ್ಲ ಕೂಡಿ ನಮ್ಮ ಮನೆಯ ಓಡಾಟ ವರ್ಷಕ್ಕೆ 5,000 ಕಿಲೋಮೀಟರು ದಾಟಲಿಲ್ಲ. ನಾವು ಕೊಡುತ್ತಿದ್ದ ಬಾಡಿಗೆ ಕಿಲೋಮೀಟರಿಗೆ 16 ರೂಪಾಯಿ, ವರ್ಷಕ್ಕೆ 80,000. ಇನ್ನು ಆರು ಲಕ್ಷ ಕೊಟ್ಟು ಹಳೆಯ ಗಾಡಿಯೊಂದನ್ನು ತಂದರೆ ಆ ಹಣಕ್ಕೆ ಬ್ಯಾಂಕಿನಲ್ಲಿ ಶೇಕಡಾ 7ರಂತೆ ಬರಬಹುದಾಗಿದ್ದ ಬಡ್ಡಿ 42,000; ಐದು ವರ್ಷದ ಮೇಲೆ ಅದನ್ನು ಮೂರೂವರೆ ಲಕ್ಷಕ್ಕೆ ಮಾರಿದರೆ ವರ್ಷಕ್ಕೆ ಸವೆದ ಬೆಲೆ 50,000; ವಿಮೆ 14,000; ದುರಸ್ತಿ, ಟಯರು ಇತ್ಯಾದಿ 20,000; ಪೆಟ್ರೋಲು 32,000. ಒಟ್ಟು 1,58,000 ರೂಪಾಯಿ. ಎಂದರೆ ಸ್ವಂತ ಗಾಡಿಗೆ ವರ್ಷಕ್ಕೆ 78,000 ಹೆಚ್ಚು. ಸಾಮಾನ್ಯವಾಗಿ ಗೃಹಸ್ಥರು ಎಣ್ಣೆಯ ಖರ್ಚನ್ನು ಬಾಡಿಗೆಯೊಡನೆ ಹೋಲಿಸಿ ಲಾಭವಾಯಿತೆಂದುಕೊಳ್ಳುತ್ತಾರೆ. ಬಡ್ಡಿಯನ್ನೂ ಸವಕಳಿಯನ್ನೂ ಯಾರೂ ಬರೆದಿಡುವುದಿಲ್ಲ. ಅದಲ್ಲದೆ 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲದ ಕಾರಣ ನಮ್ಮ ಮನೆಯ ಹೆಂಗಸರ ಹಗಲಿನ ಓಡಾಟಕ್ಕೆ ಖರ್ಚೇ ಇರಲಿಲ್ಲ.

ಈ ಕಾಗದವನ್ನು ಅಣ್ಣನ ಮುಂದಿಟ್ಟೆನು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ಹಾಗಾದರೆ ಆ ರಾತ್ರಿಯ ಬೆಲೆ ಎಪ್ಪತ್ತೆಂಟು ಸಾವಿರ ಆಯಿತಲ್ಲ. ಹೆಚ್ಚೋ ಕಡಿಮೆಯೋ ನೀನೇ ಹೇಳು” ಎಂದನು. ಅದಕ್ಕೆ ನನ್ನ ಪೆನ್ಸಿಲಿನಲ್ಲಿ ಉತ್ತರವಿರಲಿಲ್ಲ. ಗಾಡಿ ನೋಡಲು ಹೊರಟೆವು.

ನಮ್ಮ ಭಾಗದವರು ಹಳೆಯ ಗಾಡಿ ಎಂದೊಡನೆ ಮೊದಲು ಮುಖ ಮಾಡುವುದು ಹೈದರಾಬಾದಿನ ಕಡೆಗೆ. ಅಲ್ಲಿ ಗಾಡಿಗಳು ಹೆಚ್ಚು, ಬೆಲೆಯೂ ಕೆಲವು ಸಲ ಕಡಿಮೆ. ನಾವು ನೋಡಿದ ಮೊದಲನೆಯದು ಅಲ್ಲಿಂದ ಬಂದ ಇನ್ನೋವಾ. ಬಣ್ಣ ಕನ್ನಡಿಯಂತಿತ್ತು, ಬೆಲೆ ಪೇಟೆಗಿಂತ ಒಂದು ಲಕ್ಷ ಕಡಿಮೆ. ಜೊತೆಗೆ ಬಂದಿದ್ದ ಮೇಸ್ತ್ರಿಯು ಎಂಜಿನಿನ ಬಳಿಗೆ ಹೋಗದೆ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ಮೂಗಿಗೆ ಹಿಡಿದನು. ಸುರುಳಿಯ ಒಳಗಿನ ಮೊಳದುದ್ದ ಪಟ್ಟಿಯ ಮೇಲೆ ಮಣ್ಣಿನ ಗೆರೆ. ಕೆರೆಯ ಕೆಸರಿನ ವಾಸನೆ. 2020ರ ಅಕ್ಟೋಬರಿನಲ್ಲಿ ನಮ್ಮ ಕಾಗಿಣಾ ಉಕ್ಕಿ ಸೇತುವೆಯನ್ನು ಮುಳುಗಿಸಿದ ಆ ದಿನಗಳಲ್ಲೇ ಹೈದರಾಬಾದಿನ ಎಷ್ಟೋ ಬಡಾವಣೆಗಳಲ್ಲಿ ಗಾಡಿಗಳು ನೀರಿನಲ್ಲಿ ನಿಂತಿದ್ದುದು ವಾಚಕರಿಗೆ ನೆನಪಿರಬಹುದು. ಇದು ಆಗ ನೆನೆದುದೋ ಬೇರೆ ಯಾವಾಗಲೋ ಹೇಳಲಾಗದು; ನೆನೆದುದಂತೂ ನಿಜ. ನೀರು ಕುಡಿದ ಗಾಡಿಯನ್ನು ತೊಳೆದು ಒಣಗಿಸಿ ಹೊಳಪು ಕೊಡುವುದು ಸುಲಭ. ಆದರೆ ನೆಲದ ಹಾಸಿನ ಕೆಳಗೆ ಹಾದುಹೋಗುವ ವಿದ್ಯುತ್ತಿನ ತಂತಿಗಳ ಕೀಲುಗಳು ಒಳಗಿಂದೊಳಗೇ ತುಕ್ಕು ಹಿಡಿದು ವರ್ಷಗಟ್ಟಲೆ ಒಂದೊಂದಾಗಿ ಕೆಡುತ್ತವೆ. ಸೀಟಿನ ಕೆಳಗಿನ ಕಬ್ಬಿಣದ ಹಳಿಗಳನ್ನೂ, ಹಾಸನ್ನು ಎತ್ತಿ ನೆಲವನ್ನೂ ನೋಡತಕ್ಕದ್ದು. ಎತ್ತಲು ಮಾರುವವನು ಒಪ್ಪದಿದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಇನ್ನೋವಾದ ಮಾತು ಬಂದುದರಿಂದ ಒಂದು ವಿಷಯ. ಬೆಂಗಳೂರಿನ ಹತ್ತಿರದ ಬಿಡದಿಯ ಕಾರಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಿತ್ತು; 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು; 2016ರಲ್ಲಿ ಕ್ರಿಸ್ಟಾ ಬಂದಿತು. ಕನ್ನಡ ನಾಡಿನಲ್ಲೇ ಹುಟ್ಟಿದ ಈ ಗಾಡಿಗಳಿಗೆ ಹಳೆಯದಾದರೂ ಬೆಲೆ ಇಳಿಯದು, ಅದಕ್ಕೆ ಕಾರಣವೂ ಇದೆ. ಆದರೆ 2016ಕ್ಕೆ ಮೊದಲಿನ ಎರಡೂವರೆ ಲೀಟರಿನ ಡೀಸಲ್ ಎಂಜಿನಿನಲ್ಲಿ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವುದು ಒಂದು ಹಲ್ಲಿನ ರಬ್ಬರು ಪಟ್ಟಿ. ಅದಕ್ಕೆ ಆಯುಷ್ಯವಿದೆ. ಓಡುತ್ತಿರುವಾಗ ಅದು ಹರಿದರೆ ಪಿಸ್ಟನ್ನುಗಳು ಕವಾಟಗಳಿಗೆ ಬಡಿದು ಎಂಜಿನೇ ಹಾಳಾಗುತ್ತದೆ. ಪಟ್ಟಿಯನ್ನು ಯಾವಾಗ ಬದಲಿಸಿದರೆಂಬುದಕ್ಕೆ ರಶೀದಿ ಕೇಳಿರಿ. ಇಲ್ಲವೆಂದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ. ಕ್ರಿಸ್ಟಾದ ಡೀಸಲ್ ಎಂಜಿನಿನಲ್ಲಿ ಪಟ್ಟಿಯ ಬದಲು ಸರಪಳಿ ಇದೆ.

ಎರಡನೆಯ ಗಾಡಿಯು ಹತ್ತಿರದ್ದೇ. ಮೀಟರು 98,000 ತೋರಿಸುತ್ತಿತ್ತು. ಬ್ರೇಕಿನ ಪೆಡಲಿನ ರಬ್ಬರು ಮಾತ್ರ ನುಣ್ಣಗೆ ಸವೆದು ಕಬ್ಬಿಣ ಇಣುಕುತ್ತಿತ್ತು. ಗಾಳಿಯ ಜಾಲರಿ ತೆಗೆದಾಗ ಬೂದುಬಣ್ಣದ ಸುಣ್ಣಗಲ್ಲಿನ ಧೂಳು ಹಿಡಿಯಷ್ಟು ಉದುರಿತು. ಕೆದಕಿ ಕೇಳಿದಾಗ, ಮೊದಲು ಹಳದಿ ಫಲಕದ ಬಾಡಿಗೆ ಗಾಡಿಯಾಗಿದ್ದು ನೌಕರರನ್ನು ಪಾಳಿಯ ಮೇಲೆ ಹೊತ್ತು ತಿರುಗುತ್ತಿತ್ತು, ಮುಂದೆ ಬಿಳಿ ಫಲಕಕ್ಕೆ ಬದಲಾಯಿತು ಎಂದು ಹೊರಬಿದ್ದಿತು. ಹಾಗೆ ಬದಲಿಸುವುದು ಕಾನೂನಿಗೆ ವಿರುದ್ಧವಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಮಾತ್ರ ವಂಚನೆ. ಹಳೆಯ ವರ್ಷಗಳ ವಿಮೆಯ ಕಾಗದಗಳನ್ನು ಕೇಳಿ ನೋಡಿದರೆ ಗಾಡಿಯ ಪೂರ್ವಜನ್ಮ ತಿಳಿಯುತ್ತದೆ.

ಮೂರನೆಯದು ಟವೇರಾ, ತುಂಬ ಅಗ್ಗ. ಆದರೆ ಅದನ್ನು ಮಾಡಿದ ಕಂಪನಿಯು 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. ಹೀಗೆಯೇ 2014ರಲ್ಲಿ ಬಂದ ಹೋಂಡಾ ಮೊಬಿಲಿಯೋ 2017ರಲ್ಲೇ ನಿಂತಿತು. ಇಂಥವು ಕೆಟ್ಟ ಗಾಡಿಗಳಲ್ಲ. ಬಿಡಿಭಾಗಕ್ಕಾಗಿ ಸೋಲಾಪುರಕ್ಕೋ ಹೈದರಾಬಾದಿಗೋ ಅಲೆಯುವ ಬಿಡುವುಳ್ಳವರಿಗೆ ಸರಿ. ದಿಲ್ಲಿಯಿಂದ ಇಳಿದು ಬರುವ ಡೀಸಲ್ ಗಾಡಿಗಳ ಕಥೆಯೂ ಇದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸಲ್ ಗಾಡಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿ ಹಿಡಿದ ಮೇಲೆ ಅವು ದಕ್ಷಿಣಕ್ಕೆ ಅಗ್ಗವಾಗಿ ಬಂದವು. ಆ ಕಟ್ಟಳೆ ನಮಗಿಲ್ಲ. ಆದರೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗೆ ಮೇಲ್ಪಟ್ಟು ಇಲ್ಲಿ ಇಟ್ಟುಕೊಳ್ಳುವವನು ಇಲ್ಲಿಯ ನೋಂದಣಿ ಮಾಡಿಸಬೇಕು, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆಯನ್ನು ಇಲ್ಲಿಯೂ ಕಟ್ಟಬೇಕು. ತೆಲಂಗಾಣದ ಗಡಿ ಸೇಡಮಿನಿಂದ ದೂರವಿಲ್ಲದ ಕಾರಣ ನಮ್ಮವರು ಇದನ್ನು ಹಗುರಾಗಿ ಎಣಿಸುತ್ತಾರೆ. ಒಂದು ಲಕ್ಷ ಉಳಿಯಿತೆಂದು ಹಿಗ್ಗಿದವರು ತೆರಿಗೆ ಕಟ್ಟುವಾಗ ಕುಗ್ಗಿದ್ದನ್ನು ನಾನೇ ಕಂಡಿದ್ದೇನೆ.

ಇಷ್ಟು ಹೊತ್ತಿಗೆ ನಾನು, ಆಸ್ಪತ್ರೆಗೆ ಹೋಗುವವರು ಮೂರೇ ಜನವಾದುದರಿಂದ ಮೂರು ಲಕ್ಷದ ಸಣ್ಣ ಕಾರೇ ಸಾಕೆಂದು ವಾದಿಸತೊಡಗಿದ್ದೆನು. ಎಂಟು ಜನರ ಮನೆಗೆ ಏಳು ಜನರ ಗಾಡಿ ಹೇಗೂ ಸಾಲದಷ್ಟೆ! ವಾದ ಸರಿಯಾಗಿಯೇ ಇತ್ತು. ಅದನ್ನು ಮುರಿದವರು ತಾಯಿಯವರು. ಒಂದು ದಿನ ಅವರನ್ನೇ ಕರೆದುಕೊಂಡು ಹೋದೆವು. ಸಣ್ಣ ಕಾರಿನಲ್ಲಿ ಅವರು ಕುಳಿತರು, ಏಳಲು ಆಗಲಿಲ್ಲ. ಸೀಟು ತಗ್ಗು, ಮೊಣಕಾಲು ನೋವು. ಇಬ್ಬರು ಕೈಹಿಡಿದು ಎತ್ತಬೇಕಾಯಿತು. ಇನ್ನೋವಾದ ನೆಲ ಎತ್ತರವಾಗಿ ಕಾಲು ಎಟುಕಲಿಲ್ಲ. ಬೊಲೆರೋವನ್ನು ನೋಡಿ ಅವರು ದೂರದಿಂದಲೇ ಕೈಮುಗಿದರು. ಚಿತ್ತಾಪುರದಲ್ಲಿ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿದ್ದ 2017ರ ಪೆಟ್ರೋಲ್ ಎರ್ಟಿಗಾದ ಬಾಗಿಲು ತೆರೆದಾಗ ಸೀಟು ಅವರ ಸೊಂಟದ ಮಟ್ಟಕ್ಕೇ ಇತ್ತು. ಬೆನ್ನು ತಿರುಗಿಸಿ ಕುಳಿತು ಕಾಲು ಒಳಗೆಳೆದುಕೊಂಡರು. ಯಾರೂ ಕೈ ಕೊಡಲಿಲ್ಲ. ಮೇಸ್ತ್ರಿಗಿಂತ ಮೊದಲು ಮನೆಯ ಮುದುಕರನ್ನು ಕರೆದೊಯ್ದಿದ್ದರೆ ನಮ್ಮ ಮೂರು ತಿಂಗಳು ಉಳಿಯುತ್ತಿದ್ದುವು.

ಆ ಗಾಡಿಯಲ್ಲೂ ಕೊರತೆಗಳಿದ್ದುವು. ಏಳೂ ಸೀಟು ತುಂಬಿದರೆ ಹಿಂದೆ ಸಾಮಾನಿಗೆ ಉಳಿಯುವ ಜಾಗ 135 ಲೀಟರು ಮಾತ್ರ. ಎರಡು ಚೀಲ ಇಟ್ಟರೆ ಮುಗಿಯಿತು. ಮೂರನೆಯ ಸಾಲಿಗೆ ಮಕ್ಕಳು ನುಸುಳಬಹುದು, ದೊಡ್ಡವರಿಗೆ ಶಿಕ್ಷೆ. ಮುಂದೆ ಎರಡು ಗಾಳಿಚೀಲಗಳಿವೆಯೇ ಎಂಬುದನ್ನು ಗೊತ್ತುಮಾಡಿಕೊಂಡೆವು. ಚಾಲಕನ ಗಾಳಿಚೀಲ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದುದು 2019ರ ಜುಲೈಯಿಂದ; ಅದಕ್ಕೆ ಹಿಂದಿನವುಗಳಲ್ಲಿ ಒಂದೇ ಹೆಸರಿನ ಗಾಡಿಗಳಲ್ಲೂ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ತಂಪುಗಾಳಿಯ ಯಂತ್ರವನ್ನು ಬೆಳಗಿನ ತಂಪಿನಲ್ಲಿ ನೋಡದೆ ಮಧ್ಯಾಹ್ನ ಎರಡಕ್ಕೆ, ಬಿಸಿಲಿನಲ್ಲಿ ನಿಲ್ಲಿಸಿ, ಏಳು ಜನ ಕುಳಿತು ನೋಡಿದೆವು. ಬೇಸಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಹಿಂದಿನ ಸಾಲಿನ ಮಕ್ಕಳಿಗೆ ಗಾಳಿ ಮುಟ್ಟದಿದ್ದರೆ ಉಳಿದುದೆಲ್ಲ ವ್ಯರ್ಥ.

ಬೆಲೆ ಆರು ಲಕ್ಷಕ್ಕೆ ಬಂದು ನಿಂತಿತು. ಅಣ್ಣನು ಮುಂಗಡದ ಹಣ ಎಣಿಸುತ್ತಿರುವಾಗ ಆ ಶಿಕ್ಷಕರು ಸಹಜವಾಗಿ, “ಓಡಿಸುವವರು ಯಾರು?” ಎಂದು ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅಣ್ಣನ ಕಣ್ಣಿಗೆ ಪೊರೆ ಬಂದಿದೆ. ಎದುರಿನ ಲಾರಿಯ ದೀಪ ಬಿದ್ದರೆ ರಸ್ತೆ ಕಾಣುವುದಿಲ್ಲ. ನಾನು ಸ್ಕೂಟರಿಗಿಂತ ದೊಡ್ಡದನ್ನು ಮುಟ್ಟಿದವನಲ್ಲ. ಚಾಲಕನನ್ನು ಇಟ್ಟುಕೊಂಡರೆ ರಾತ್ರಿ ಹನ್ನೊಂದಕ್ಕೆ ಅವನಿಗೂ ಫೋನೇ ಮಾಡಬೇಕು. ಯಾವ ರಾತ್ರಿಗಾಗಿ ವರ್ಷಕ್ಕೆ 78,000 ಕೊಡಲು ಸಿದ್ಧರಾಗಿದ್ದೆವೋ ಆ ರಾತ್ರಿ ಗಾಡಿ ಅಂಗಳದಲ್ಲಿ ನಿಂತಿರುತ್ತಿತ್ತು, ನಾವು ನಡುಮನೆಯಲ್ಲಿ ನಿಂತಿರುತ್ತಿದ್ದೆವು. ನಾಲ್ಕು ತಿಂಗಳಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ.

ವ್ಯವಹಾರ ಅಲ್ಲಿಗೇ ಮುರಿಯುತ್ತಿತ್ತು. ಮನೆಗೆ ಬಂದ ಮೇಲೆ ಸೊಸೆಯು ತಾನು ಕಲಿಯುವೆನೆಂದಳು. ಅತ್ತಿಗೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಸಣ್ಣ ಮಗನನ್ನು ಆ ಹೊತ್ತಿನಲ್ಲಿ ತಾನು ನೋಡಿಕೊಳ್ಳುವೆನೆಂದರು. ಕಲಿಯುವವರ ಪರವಾನಗಿ ಸಿಕ್ಕು ಮೂವತ್ತು ದಿನ ಕಳೆಯದೆ ಪಕ್ಕಾ ಪರವಾನಗಿಯ ಪರೀಕ್ಷೆಗೆ ಕೂಡ್ರಿಸುವುದಿಲ್ಲ. ಚಿತ್ತಾಪುರದ ಶಿಕ್ಷಕರು ಹತ್ತು ಸಾವಿರ ಮುಂಗಡ ಹಿಡಿದುಕೊಂಡು ಎರಡು ತಿಂಗಳು ಕಾಯಲು ಒಪ್ಪಿದರು. ಅವಳು ಸೇಡಮಿನ ರಸ್ತೆಯಲ್ಲಿ ಹಗಲು ಕಲಿತಳು. ಪರವಾನಗಿ ಬಂದ ಮೇಲೆ ಕಲಿಸಿದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಆರು ರಾತ್ರಿ ಕಲಬುರಗಿಗೆ ಹೋಗಿ ಬಂದಳು.

ಕಾಗದಪತ್ರಗಳ ಮಾತನ್ನೂ ಹೇಳಿಬಿಡುತ್ತೇನೆ. ಮಾರುವವನೂ ಕೊಳ್ಳುವವನೂ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಮಾಡಬೇಕು. ಗಾಡಿಯ ಮೇಲೆ ಸಾಲವಿದ್ದಿದ್ದರೆ ತೀರಿತೆಂದು 35ನೆಯ ನಮೂನೆ ಬೇಕು. ಅದೇ ರಾಜ್ಯದೊಳಗಾದರೆ ಮಾರಿದವನು ಹದಿನಾಲ್ಕು ದಿನದೊಳಗೆ, ಕೊಂಡವನು ಮೂವತ್ತು ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ಸಹಿ ಹಾಕಿದ ಬರಿಯ ನಮೂನೆಗಳನ್ನು ದಲಾಲರ ಕೈಗೆ ಕೊಟ್ಟು ಮರೆತುಬಿಡುವವರು ಬಹಳ. ಗಾಡಿ ಎಷ್ಟು ಕೈ ದಾಟಿದರೂ ಪುಸ್ತಕದಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನಕುಮಾರರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಈ ಆತುರ ಕೊಳ್ಳುವವನಿಗಿಂತ ಮಾರುವವನಿಗೆ ಹೆಚ್ಚಿರಬೇಕು. ನಮ್ಮ ಶಿಕ್ಷಕರಿಗೆ ಇತ್ತು. ಅವರೇ ನನ್ನನ್ನು ಕಚೇರಿಗೆ ಎಳೆದುಕೊಂಡು ಹೋದರು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷದ್ದು. ನಮ್ಮದು 2032ರವರೆಗೆ ನಡೆಯುತ್ತದೆ. ಅನಂತರ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ಮುಂದುವರಿಸಿಕೊಳ್ಳಬಹುದು.

ಹೆಸರು ಬದಲಾಗಿ ವಿಮೆಯೂ ನಮ್ಮ ಹೆಸರಿಗೆ ಬರುವವರೆಗೆ ಗಾಡಿಯನ್ನು ಅಂಗಳದಿಂದ ಕದಲಿಸಲಿಲ್ಲ. ಮಕ್ಕಳು ಅದರಲ್ಲಿ ಕುಳಿತು ನಿಂತಲ್ಲೇ ಬೆಂಗಳೂರಿಗೆ ಹೋಗಿ ಬಂದರು. ಮಂತ್ರಾಲಯಕ್ಕೆ ಎಲ್ಲರೂ ಹೋಗುವಾಗ ಈಗಲೂ ಬಾಡಿಗೆಯ ದೊಡ್ಡ ಗಾಡಿಯನ್ನೇ ತರುತ್ತೇವೆ. ಇದು ತಾಯಿಯವರ ಗಾಡಿ. ಅದರ ಬೀಗದ ಕೈ ದೇವರ ಮನೆಯ ಮೊಳೆಗೆ ತೂಗುಹಾಕಿದೆ. ರಾತ್ರಿ ಮಲಗುವ ಮೊದಲು ಅದು ಅಲ್ಲಿದೆಯೇ ಎಂದು ಅಣ್ಣನು ಒಮ್ಮೆ ನೋಡುತ್ತಾನೆ.